ಸಾಮಾನ್ಯ ಜಿಜ್ಞಾಸುವಿನ ಪ್ರಶ್ನೆಗಳು ಮತ್ತು ಆಧುನಿಕ ಭೌತವಿಜ್ಞಾನ: ಒಂದು ಚಾರಿತ್ರಿಕ ವಿವೇಚನೆ

ಆಧುನಿಕ ಭೌತವಿಜ್ಞಾನದ ಚರಿತ್ರೆಯನ್ನು ನಿರೂಪಿಸುವ ರೂಢಿಯ ಕ್ರಮವೊಂದಿದೆ. 1900ರ ಡಿಸೆಂಬರಿನಲ್ಲಿ ಮಾಕ್ಸ್ ಪ್ಲಾಂಕ್ ಮಂಡಿಸಿದ ವಿಕಿರಣ ಸೂತ್ರದಿಂದ ಆರಂಭಿಸಿ, 1905 ಮತ್ತು 1915ರ ಐನ್‌ಸ್ಟೈನ್ ಪ್ರಬಂಧಗಳನ್ನು ದಾಟಿ, 1925-27ರ ಕ್ವಾಂಟಂ ಬಲವಿಜ್ಞಾನವನ್ನು ತಲಪುವ ಈ ಕಥನ ವಿದ್ವಾಂಸರಿಂದ ವಿದ್ವಾಂಸರಿಗೆ ಸಾಗಿದ ಜ್ಞಾನದ ಕಥನ. ಇದರಲ್ಲಿ ಜನಸಾಮಾನ್ಯರಿಗೆ ಸ್ಥಾನ ದೊರೆಯುವುದು ಕೊನೆಯ ಅಧ್ಯಾಯದಲ್ಲಿ. ಅದೂ ‘ವಿಜ್ಞಾನದ ಜನಪ್ರಿಯತೆ’ ಎಂಬ ಶೀರ್ಷಿಕೆಯ ಅಡಿಯಲ್ಲಿ. ಪ್ರಯೋಗಾಲಯದಲ್ಲಿ ಸಿದ್ಧವಾದ ಜ್ಞಾನವನ್ನು ತಿಳಿಗೊಳಿಸಿ ಹೊರಗಿನವರಿಗೆ ಹಂಚಲಾಯಿತು, ಅವರು ಅದನ್ನು ಸ್ವೀಕರಿಸಿದರು ಎಂಬುದು ಈ ಕ್ರಮದ ಹಿಂದಿರುವ ಗ್ರಹಿಕೆ.

ಈ ಗ್ರಹಿಕೆಯನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೆಳಕು ಯಾವುದರಲ್ಲಿ ಅಲೆಯಾಗಿ ಸಾಗುತ್ತದೆ? ಕಾಲ ಎಲ್ಲರಿಗೂ ಒಂದೇ ಬಗೆಯಾಗಿ ಸರಿಯುತ್ತದೆಯೆ? ಯಾರೂ ನೋಡದಿರುವಾಗ ವಸ್ತುವಿಗೆ ನಿಶ್ಚಿತ ಗುಣಗಳಿರುತ್ತವೆಯೆ? ಇವು ಗಣಿತದ ತರಬೇತಿಯಿಲ್ಲದ ಯಾವ ಕುತೂಹಲಿಯೂ ಕೇಳಬಹುದಾದ ಪ್ರಶ್ನೆಗಳು. ಕಳೆದ ಎರಡು ಶತಮಾನಗಳಲ್ಲಿ ಇಂಥ ಪ್ರಶ್ನೆಗಳು ಉತ್ತರವನ್ನಷ್ಟೇ ಪಡೆದು ಸುಮ್ಮನಾಗಲಿಲ್ಲ. ಕೆಲವು ಸಂಶೋಧನೆಯ ದಿಕ್ಕನ್ನು ಬದಲಿಸಿದವು. ಕೆಲವು ಪ್ರಯೋಗಗಳಿಗೆ ಹಣವನ್ನು ಒದಗಿಸಿದವು. ತತ್ತ್ವಜ್ಞಾನದ ಹರಟೆಯೆಂದು ಬದಿಗೆ ಸರಿಸಲ್ಪಟ್ಟ ಒಂದು ಪ್ರಶ್ನೆ ಅಳತೆಗೆ ಸಿಗುವ ಸಮಸ್ಯೆಯಾಗಿ ಮರಳಿ ಬಂದಿತು. ಜೊತೆಗೆ, ಸಾಮಾನ್ಯರ ಪ್ರಶ್ನೆ ತಪ್ಪು ದಾರಿಗೆ ಎಳೆದ ಸಂದರ್ಭಗಳೂ ಇವೆ. ಎರಡನ್ನೂ ಒಟ್ಟಾಗಿ ನೋಡಿದಾಗ ಮಾತ್ರ ಈ ಚರಿತ್ರೆ ಪೂರ್ಣವಾಗುತ್ತದೆ.

1. ಸಭಾಂಗಣದ ಪರಂಪರೆ

ಹತ್ತೊಂಬತ್ತನೆಯ ಶತಮಾನದ ಆರಂಭದ ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಯುವಕ ಮೈಕೇಲ್ ಫ್ಯಾರಡೆ. ಕಟ್ಟಲು ಬಂದ ಪುಸ್ತಕಗಳನ್ನು ಓದುವುದು ಆತನ ಅಭ್ಯಾಸವಾಗಿತ್ತು. ಹಾಗೆ ಕೈಗೆ ಬಂದವುಗಳಲ್ಲಿ ಜೇನ್ ಮಾರ್ಸೆಟ್ ಎಂಬ ಲೇಖಕಿ 1806ರಲ್ಲಿ ಪ್ರಕಟಿಸಿದ ರಸಾಯನವಿಜ್ಞಾನ ಸಂಭಾಷಣೆಗಳ ಗ್ರಂಥವೂ ಒಂದು. ಇದು ಉಪಾಧ್ಯಾಯಿನಿಯೊಬ್ಬಳು ಇಬ್ಬರು ಹುಡುಗಿಯರ ಪ್ರಶ್ನೆಗಳಿಗೆ ಉತ್ತರಿಸುವ ರೂಪದಲ್ಲಿತ್ತು. 1812ರಲ್ಲಿ ಫ್ಯಾರಡೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಸಾರ್ವಜನಿಕ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ಬರೆದು, ರಟ್ಟು ಕಟ್ಟಿ ಡೇವಿಗೆ ಕಳುಹಿಸಿದ. ಮರುವರ್ಷ ಅದೇ ಸಂಸ್ಥೆಯಲ್ಲಿ ಆತನಿಗೆ ಸಹಾಯಕನ ಕೆಲಸ ದೊರೆಯಿತು. ಗಣಿತದಲ್ಲಿ ಔಪಚಾರಿಕ ಶಿಕ್ಷಣವಿಲ್ಲದ ಆತ ಆಯಸ್ಕಾಂತದ ಸುತ್ತಲಿನ ಅವಕಾಶವನ್ನು ಬಲರೇಖೆಗಳ ಮೂಲಕ ಚಿತ್ರಿಸಿಕೊಂಡ. ಆ ಚಿತ್ರವೇ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನ ಕೈಯಲ್ಲಿ ಕ್ಷೇತ್ರ ಸಿದ್ಧಾಂತವಾಗಿ ರೂಪುಗೊಂಡಿತು. ಹೀಗೆ ಆಧುನಿಕ ಭೌತವಿಜ್ಞಾನದ ಒಂದು ಮೂಲಭೂತ ಪರಿಕಲ್ಪನೆಯ ಆದಿಯಲ್ಲೇ ಪ್ರಶ್ನೋತ್ತರ ರೂಪದ ಜನಪ್ರಿಯ ಪುಸ್ತಕವೊಂದನ್ನು ಕಾಣುತ್ತೇವೆ.

ಸಾರ್ವಜನಿಕ ಉಪನ್ಯಾಸಗಳ ಇದೇ ಸಂಸ್ಥೆಯ ವೇದಿಕೆಯಲ್ಲಿ 1900ರ ಏಪ್ರಿಲ್ 27ರಂದು ಲಾರ್ಡ್ ಕೆಲ್ವಿನ್ ಮಾತನಾಡಿದ. ಶಾಖ ಮತ್ತು ಬೆಳಕನ್ನು ಚಲನೆಯ ರೂಪಗಳೆಂದು ವಿವರಿಸುವ ಸಿದ್ಧಾಂತದ ಮೇಲೆ ಎರಡು ಮೋಡಗಳು ಕವಿದಿವೆ ಎಂಬುದು ಆ ಭಾಷಣದ ಸಾರ. ಮೊದಲನೆಯದು ಈಥರ್ ಕುರಿತ ತೊಡಕು. ಬೆಳಕು ಅಲೆಯಾದರೆ ಆ ಅಲೆಗೆ ಆಧಾರವಾದ ಮಾಧ್ಯಮವೊಂದಿರಲೇಬೇಕು ಎಂದು ಎಲ್ಲರೂ ಭಾವಿಸಿದ್ದರು. ಆದರೆ 1887ರಲ್ಲಿ ಮೈಕೆಲ್‌ಸನ್ ಮತ್ತು ಮೋರ್ಲೆ ನಡೆಸಿದ ಪ್ರಯೋಗದಲ್ಲಿ ಆ ಮಾಧ್ಯಮದಲ್ಲಿ ಭೂಮಿ ಚಲಿಸುತ್ತಿರುವುದರ ಗುರುತು ಸಿಗಲಿಲ್ಲ. ಎರಡನೆಯ ಮೋಡ ಅಣುಗಳಲ್ಲಿ ಶಕ್ತಿಯ ಹಂಚಿಕೆಗೆ ಸಂಬಂಧಿಸಿದ್ದು. ಮುಂದೆ ಮೊದಲನೆಯ ಮೋಡ ಸಾಪೇಕ್ಷತಾ ಸಿದ್ಧಾಂತದಲ್ಲೂ ಎರಡನೆಯದು ಕ್ವಾಂಟಂ ಸಿದ್ಧಾಂತದಲ್ಲೂ ಚದರಿದವು. ತಮ್ಮ ಶಾಸ್ತ್ರದ ಬಿಕ್ಕಟ್ಟನ್ನು ವಿಜ್ಞಾನಿಯೊಬ್ಬ ವಿದ್ವತ್ಸಭೆಯಲ್ಲಿ ಮಾತ್ರವಲ್ಲದೆ ಸಾಮಾನ್ಯ ಶ್ರೋತೃಗಳೂ ಕೂಡಿದ್ದ ಸಭೆಯಲ್ಲಿ ತೆರೆದಿಟ್ಟದ್ದು ಇಲ್ಲಿ ಗಮನಾರ್ಹ.

2. ಕಾಲದ ಪ್ರಶ್ನೆ

ಆಲ್ಬರ್ಟ್ ಐನ್‌ಸ್ಟೈನ್ ಬಾಲ್ಯದಲ್ಲಿ ಆರನ್ ಬರ್ನ್‌ಸ್ಟೈನ್ ಎಂಬ ಲೇಖಕನ ಜನಪ್ರಿಯ ವಿಜ್ಞಾನ ಪುಸ್ತಕಗಳನ್ನು ಉಸಿರು ಬಿಗಿಹಿಡಿದು ಓದಿದುದನ್ನು ತನ್ನ ಆತ್ಮಕಥನದ ಟಿಪ್ಪಣಿಗಳಲ್ಲಿ ದಾಖಲಿಸಿದ್ದಾನೆ. ಹದಿನಾರನೆಯ ವಯಸ್ಸಿನಲ್ಲಿ ಆತನಿಗೆ ಹೊಳೆದ ಪ್ರಶ್ನೆಯನ್ನೂ ಅಲ್ಲಿಯೇ ಹೇಳಿದ್ದಾನೆ: ಬೆಳಕಿನ ಕಿರಣವನ್ನು ಬೆಳಕಿನ ವೇಗದಲ್ಲೇ ಬೆನ್ನಟ್ಟಿ ಹೋದರೆ ಏನು ಕಾಣುತ್ತದೆ? ಇದು ಪಂಡಿತನ ಪ್ರಶ್ನೆಯಲ್ಲ, ಹುಡುಗನ ಪ್ರಶ್ನೆ. ಹಾಗೆ ಬೆನ್ನಟ್ಟಿದವನಿಗೆ ನಿಂತಲ್ಲೇ ನಿಂತ ಬೆಳಕಿನ ಅಲೆ ಕಾಣಬೇಕು; ಆದರೆ ಅಂಥದು ಅನುಭವದಲ್ಲೂ ಇಲ್ಲ, ಮ್ಯಾಕ್ಸ್‌ವೆಲ್ಲನ ಸಮೀಕರಣಗಳಲ್ಲೂ ಇಲ್ಲ. ಈ ವಿರೋಧ ಬಿಡಿಸಿಕೊಂಡದ್ದು ಹತ್ತು ವರ್ಷಗಳ ಅನಂತರ, 1905ರಲ್ಲಿ. ಆಗ ಆತ ಬರ್ನ್ ನಗರದ ಪೇಟೆಂಟ್ ಕಚೇರಿಯ ನೌಕರ. ಬೆಳಕಿನ ವೇಗ ಎಲ್ಲ ವೀಕ್ಷಕರಿಗೂ ಒಂದೇ ಆಗಬೇಕಾದರೆ, ಎರಡು ಘಟನೆಗಳು ‘ಏಕಕಾಲದಲ್ಲಿ’ ನಡೆದವು ಎಂಬ ಮಾತು ವೀಕ್ಷಕನ ಚಲನೆಯನ್ನು ಅವಲಂಬಿಸಬೇಕಾಗುತ್ತದೆ ಎಂಬುದು ಆತ ಕಂಡುಕೊಂಡ ಪರಿಹಾರ.

ಸಿದ್ಧಾಂತದ ಕರ್ತೃವೇ ಸಾಮಾನ್ಯ ಓದುಗನಿಗಾಗಿ ಲೇಖನಿ ಹಿಡಿದ ಅಪರೂಪದ ನಿದರ್ಶನವೂ ಇಲ್ಲಿದೆ. 1917ರಲ್ಲಿ ಐನ್‌ಸ್ಟೈನ್ ವಿಶೇಷ ಮತ್ತು ಸಾರ್ವತ್ರಿಕ ಸಾಪೇಕ್ಷತೆಯನ್ನು ಕುರಿತು ಒಂದು ಸಣ್ಣ ಗ್ರಂಥವನ್ನು ಪ್ರಕಟಿಸಿದ. ಗಣಿತದ ಸಾಧನಗಳ ಪರಿಚಯವಿಲ್ಲದವರು ಅದರ ಉದ್ದೇಶಿತ ಓದುಗರು. ರೈಲುಗಾಡಿ, ರೈಲು ಹಳಿಯ ದಿಬ್ಬ, ಎರಡು ಕಡೆ ಬಡಿಯುವ ಸಿಡಿಲು ಎಂಬ ಇಂದು ಪಠ್ಯಪುಸ್ತಕಗಳಲ್ಲಿ ಸವೆದಿರುವ ದೃಷ್ಟಾಂತ ಆ ಗ್ರಂಥದ್ದು. 1918ರ ನವೆಂಬರಿನಲ್ಲಿ ಆತ ಸಾಪೇಕ್ಷತೆಯ ಮೇಲಿನ ಆಕ್ಷೇಪಗಳನ್ನು ವಿಮರ್ಶಕ ಮತ್ತು ಸಾಪೇಕ್ಷತಾವಾದಿಗಳ ಸಂಭಾಷಣೆಯಾಗಿ ಬರೆದ. ಮಾರ್ಸೆಟ್‌ಳ ಪ್ರಶ್ನೋತ್ತರ ರೂಪ ಗಂಭೀರ ವಾದದ ಸಾಧನವಾಗಿ ಮರಳಿ ಬಂದಿತು.

1919ರ ಮೇ 29ರ ಖಗ್ರಾಸ ಸೂರ್ಯಗ್ರಹಣದಲ್ಲಿ ಬ್ರೆಜಿಲಿನ ಸೊಬ್ರಾಲ್‌ನಲ್ಲಿಯೂ ಆಫ್ರಿಕದ ಪಶ್ಚಿಮ ತೀರದಾಚೆಯ ಪ್ರಿನ್ಸಿಪೆ ದ್ವೀಪದಲ್ಲಿಯೂ ತೆಗೆದ ಛಾಯಾಚಿತ್ರಗಳು ಸೂರ್ಯನ ಅಂಚಿನಲ್ಲಿ ನಕ್ಷತ್ರದ ಬೆಳಕು ಬಾಗುವುದನ್ನು ತೋರಿಸಿದವು. ಸಿದ್ಧಾಂತ ಹೇಳಿದ್ದ ಬಾಗು 1.75 ಕೋನ ಸೆಕೆಂಡು. ನವೆಂಬರ್ 6ರಂದು ಲಂಡನ್ನಿನ ವಿದ್ವತ್ಸಭೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಮರುದಿನದಿಂದಲೇ ಪತ್ರಿಕೆಗಳು ಪ್ರಶ್ನೆಗಳಿಂದ ತುಂಬಿದವು. 1920ರಲ್ಲಿ ಅಮೆರಿಕದ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಸಾಪೇಕ್ಷತೆಯನ್ನು ಸಾಮಾನ್ಯರಿಗೆ ತಿಳಿಯುವಂತೆ 3,000 ಪದಗಳ ಒಳಗೆ ವಿವರಿಸುವ ಪ್ರಬಂಧಕ್ಕೆ 5,000 ಡಾಲರ್ ಬಹುಮಾನ ಘೋಷಿಸಿತು. ಹಣವನ್ನು ಕೊಟ್ಟವನು ಯೂಜೀನ್ ಹಿಗಿನ್ಸ್ ಎಂಬ ಸಿರಿವಂತ. ಸುಮಾರು 300 ಪ್ರಬಂಧಗಳು ಬಂದವು. ಗೆದ್ದವನು ಲಂಡನ್ನಿನ ಪೇಟೆಂಟ್ ಕಚೇರಿಯ ಅಧಿಕಾರಿ ಲಿಂಡನ್ ಬೋಲ್ಟನ್. ಸಿದ್ಧಾಂತ ಒಂದು ಪೇಟೆಂಟ್ ಕಚೇರಿಯಲ್ಲಿ ಹುಟ್ಟಿತು, ಅದರ ಅತ್ಯುತ್ತಮ ಜನಸುಲಭ ವಿವರಣೆಯೆಂದು ಆಯ್ಕೆಯಾದದ್ದು ಇನ್ನೊಂದು ಪೇಟೆಂಟ್ ಕಚೇರಿಯಿಂದ ಬಂದಿತು. ಭಾರತದಲ್ಲಿಯೂ 1920ರಲ್ಲೇ ಕಲ್ಕತ್ತ ವಿಶ್ವವಿದ್ಯಾನಿಲಯ ಮೇಘನಾದ ಸಾಹಾ ಮತ್ತು ಸತ್ಯೇಂದ್ರನಾಥ ಬೋಸ್ ಅನುವಾದಿಸಿದ ಸಾಪೇಕ್ಷತಾ ಪ್ರಬಂಧಗಳನ್ನು ಪ್ರಕಟಿಸಿತು. ಪ್ರಶಾಂತಚಂದ್ರ ಮಹಾಲನೋಬಿಸ್ ಅದಕ್ಕೆ ಚಾರಿತ್ರಿಕ ಪೀಠಿಕೆ ಬರೆದರು.

ಜನರ ಮನಸ್ಸನ್ನು ಹೆಚ್ಚು ಕಾಡಿದ್ದು ಪ್ರಯಾಣಿಕನ ಪ್ರಶ್ನೆ. ಅತಿವೇಗದಲ್ಲಿ ದೂರ ಹೋಗಿ ಮರಳಿದವನು ಊರಿನಲ್ಲೇ ಉಳಿದವರಿಗಿಂತ ಕಡಿಮೆ ವಯಸ್ಸಿನವನಾಗಿರುವನೆಂದು 1911ರಲ್ಲಿ ಪಾಲ್ ಲಾಂಜವಾ ತೋರಿಸಿದ್ದ. ರೈವತ ಕಕುದ್ಮಿ ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದುವೆಂಬ ಪುರಾಣಕಥೆಯನ್ನು ಬಲ್ಲ ಭಾರತೀಯ ಓದುಗನಿಗೆ ಇದು ಅಪರಿಚಿತವೆನಿಸದು. ಆದರೆ ಎರಡರ ನಡುವಣ ಅಂತರವನ್ನು ಮರೆಯಲಾಗದು: ಪುರಾಣ ಲೋಕಭೇದವನ್ನು ಹೇಳುತ್ತದೆ, ಸಿದ್ಧಾಂತ ಎಷ್ಟು ವೇಗಕ್ಕೆ ಎಷ್ಟು ವ್ಯತ್ಯಾಸವೆಂಬ ಲೆಕ್ಕವನ್ನು ಕೊಡುತ್ತದೆ. 1922ರ ಏಪ್ರಿಲ್ 6ರಂದು ಪ್ಯಾರಿಸಿನಲ್ಲಿ ತತ್ತ್ವಜ್ಞಾನಿ ಆನ್ರಿ ಬೆರ್ಗ್‌ಸನ್ ಐನ್‌ಸ್ಟೈನನ ಸಮ್ಮುಖದಲ್ಲೇ ಬದುಕಿನಲ್ಲಿ ಅನುಭವಕ್ಕೆ ಬರುವ ಕಾಲ ಗಡಿಯಾರದ ಕಾಲಕ್ಕಿಂತ ಭಿನ್ನವೆಂದು ವಾದಿಸಿದ. ಇದು ಅನೇಕ ಸಾಮಾನ್ಯರ ಅಳುಕಿಗೆ ದೊರೆತ ಶಾಸ್ತ್ರೀಯ ಧ್ವನಿಯಾಗಿತ್ತು. ಅದೇ ವರ್ಷ ಐನ್‌ಸ್ಟೈನನಿಗೆ ಸಂದ 1921ರ ಸಾಲಿನ ನೊಬೆಲ್ ಪಾರಿತೋಷಕದ ಪರಿಚಯ ಭಾಷಣದಲ್ಲಿಯೂ ಬೆರ್ಗ್‌ಸನ್ನನ ಆಕ್ಷೇಪದ ಪ್ರಸ್ತಾಪ ಬಂದಿತು. ಪಾರಿತೋಷಕ ಸಂದದ್ದು ಸಾಪೇಕ್ಷತೆಗಲ್ಲ, ದ್ಯುತಿವಿದ್ಯುತ್ ಪರಿಣಾಮದ ನಿಯಮಕ್ಕೆ.

ವಾದ ಗಡಿಯಾರಗಳ ಮಟ್ಟದಲ್ಲಿ ಇತ್ಯರ್ಥವಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1971ರ ಅಕ್ಟೋಬರಿನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಸೀಸಿಯಂ ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿ ಭೂಪ್ರದಕ್ಷಿಣೆ ಮಾಡಿಸಿದರು. ಪೂರ್ವಕ್ಕೆ ಹೋದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ 59 ನ್ಯಾನೊಸೆಕೆಂಡು ಹಿಂದುಳಿದವು. ಪಶ್ಚಿಮಕ್ಕೆ ಹೋದವು 273 ನ್ಯಾನೊಸೆಕೆಂಡು ಮುಂದಿದ್ದವು. ನ್ಯಾನೊಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಈ ಅಂಕಿಗಳು ಅಳತೆಯ ದೋಷದ ಮಿತಿಯೊಳಗೆ ಸಿದ್ಧಾಂತಕ್ಕೆ ಹೊಂದಿಕೊಂಡವು. ಇಂದು ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ವೇಗವಾಗಿ ನಡೆಯುತ್ತವೆ. ಅದನ್ನು ಸರಿಪಡಿಸದಿದ್ದರೆ ಸ್ಥಾನದ ಲೆಕ್ಕ ಒಂದೇ ದಿನದಲ್ಲಿ ಕಿಲೊಮೀಟರುಗಳಷ್ಟು ತಪ್ಪುತ್ತದೆ.

3. ಫ್ರಾಂಕ್‌ಫರ್ಟಿನ ಪ್ರವೇಶಧನ

ಸಾಮಾನ್ಯರ ಕುತೂಹಲ ಸಂಶೋಧನೆಗೆ ನೇರವಾಗಿ ನೆರವಾದ ಪ್ರಸಂಗವೊಂದು ಇದೇ ಕಾಲದ್ದು. ಮೊದಲ ಮಹಾಯುದ್ಧದಲ್ಲಿ ಸೋತು ಬಡವಾಗಿದ್ದ ಜರ್ಮನಿಯಲ್ಲಿ ಮಾಕ್ಸ್ ಬಾರ್ನ್ 1919ರಿಂದ 1921ರವರೆಗೆ ಫ್ರಾಂಕ್‌ಫರ್ಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ. ಆತನ ಸಹಾಯಕ ಆಟೊ ಸ್ಟರ್ನ್ ಪರಮಾಣುಗಳ ಕಿರಣಪುಂಜವನ್ನು ನಿರ್ವಾತದಲ್ಲಿ ಹಾಯಿಸಿ ಪರೀಕ್ಷಿಸುವ ವಿಧಾನವನ್ನು ರೂಪಿಸುತ್ತಿದ್ದ. ಉಪಕರಣಗಳಿಗೆ ಹಣವಿರಲಿಲ್ಲ. ಗ್ರಹಣದ ಸುದ್ದಿಯಿಂದ ಐನ್‌ಸ್ಟೈನನ ಹೆಸರು ಮನೆಮಾತಾಗಿದ್ದುದನ್ನು ಗಮನಿಸಿದ ಬಾರ್ನ್, 1920ರ ಆರಂಭದಲ್ಲಿ ವಿಶ್ವವಿದ್ಯಾನಿಲಯದ ದೊಡ್ಡ ಸಭಾಂಗಣದಲ್ಲಿ ಸಾಪೇಕ್ಷತೆಯ ಮೇಲೆ ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸಿ ಪ್ರವೇಶಧನ ವಿಧಿಸಿದ. ಸಭಾಂಗಣ ತುಂಬಿತು, ಸುಮಾರು 6,000 ಮಾರ್ಕುಗಳು ಕೂಡಿದವು. ಉಪನ್ಯಾಸಗಳು ಅದೇ ವರ್ಷ ಗ್ರಂಥರೂಪದಲ್ಲಿ ಬಂದವು. ಹಣ ಸ್ಟರ್ನನ ಕಾರ್ಯಾಗಾರಕ್ಕೆ ಸಂದಿತು. ಮುಂದೆ ಹಣದುಬ್ಬರ ಆ ನಿಧಿಯನ್ನು ಕರಗಿಸಿದಾಗ ಅಮೆರಿಕದ ಬ್ಯಾಂಕ್ ಉದ್ಯಮಿ ಹೆನ್ರಿ ಗೋಲ್ಡ್‌ಮನ್ ನೆರವಾದ.

1922ರ ಫೆಬ್ರುವರಿಯಲ್ಲಿ ಸ್ಟರ್ನನ ಯೋಜನೆಯನ್ನು ವಾಲ್ಟರ್ ಗರ್ಲಾಕ್ ಯಶಸ್ವಿಯಾಗಿ ಪೂರೈಸಿದ. ಕಾದ ಒಲೆಯಿಂದ ಹೊರಟ ಬೆಳ್ಳಿಯ ಪರಮಾಣುಗಳು ಒಂದು ಕಡೆ ತೀವ್ರವಾಗಿಯೂ ಇನ್ನೊಂದು ಕಡೆ ಕ್ಷೀಣವಾಗಿಯೂ ಇದ್ದ ಕಾಂತಕ್ಷೇತ್ರವನ್ನು ಹಾಯ್ದು ಗಾಜಿನ ಫಲಕದ ಮೇಲೆ ಬೀಳುತ್ತಿದ್ದವು. ಹಳೆಯ ಭೌತವಿಜ್ಞಾನದಂತೆ ಅಲ್ಲಿ ಹರಡಿಕೊಂಡ ಒಂದೇ ಪಟ್ಟಿ ಮೂಡಬೇಕಿತ್ತು. ಮೂಡಿದ್ದು ಬೇರ್ಪಟ್ಟ ಎರಡು ಗೆರೆಗಳು. ಪರಮಾಣುವಿನ ಕಾಂತೀಯ ದಿಕ್ಕು ಎಲ್ಲ ಬೆಲೆಗಳನ್ನೂ ತಾಳದೆ ಎಣಿಸಿದ ಕೆಲವನ್ನು ಮಾತ್ರ ತಾಳುತ್ತದೆ ಎಂಬುದಕ್ಕೆ ಇದು ಕಣ್ಣಿಗೆ ಕಾಣುವ ಸಾಕ್ಷಿ. ಎರಡೇ ಗೆರೆಗಳೇಕೆ ಎಂಬುದು ಸ್ಪಷ್ಟವಾದದ್ದು 1925ರಲ್ಲಿ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಲೆಕ್ಟ್ರಾನಿನ ಗಿರಕಿಯ ಕಲ್ಪನೆಯನ್ನು ಮುಂದಿಟ್ಟ ಮೇಲೆ. ಕಾಲವೆಂದರೇನೆಂದು ತಿಳಿಯಲು ಪ್ರವೇಶಚೀಟಿ ಕೊಂಡು ಬಂದ ನಗರವಾಸಿಗಳು ತಮಗೆ ಅರಿವಿಲ್ಲದೆಯೇ ಕ್ವಾಂಟಂ ಸಿದ್ಧಾಂತದ ಒಂದು ಮೂಲ ಪ್ರಯೋಗಕ್ಕೆ ಪೋಷಕರಾದರು.

ಅಲೆಯ ಸಮೀಕರಣ ತಿಳಿಸುವುದು ಕಣದ ಸ್ಥಾನವನ್ನಲ್ಲ, ಅದು ಅಲ್ಲಿ ದೊರೆಯುವ ಸಂಭವನೀಯತೆಯನ್ನು ಎಂದು 1926ರಲ್ಲಿ ವ್ಯಾಖ್ಯಾನಿಸಿದವನೂ ಇದೇ ಬಾರ್ನ್. 1933ರಲ್ಲಿ ನಾಜಿ ಆಡಳಿತ ಆತನನ್ನು ಗಟಿಂಗೆನ್ನಿನ ಹುದ್ದೆಯಿಂದ ತೆಗೆಯಿತು. ಸಾಮಾನ್ಯ ಓದುಗರಿಗಾಗಿ ಆತ ಬರೆದ ‘ದಿ ರೆಸ್ಟ್‌ಲೆಸ್ ಯೂನಿವರ್ಸ್’ 1935ರಲ್ಲಿ ಪ್ರಕಟವಾಯಿತು. ಪುಟಗಳನ್ನು ಬೇಗಬೇಗ ಮಗುಚಿದರೆ ಅಂಚಿನ ಚಿತ್ರಗಳು ಚಲಿಸುವಂತೆ ಕಾಣುವ ಏರ್ಪಾಡು ಅದರಲ್ಲಿತ್ತು. ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಆತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದ. ಆತನನ್ನು ಅಲ್ಲಿಯೇ ಉಳಿಸಿಕೊಳ್ಳುವ ರಾಮನ್ ಅವರ ಪ್ರಯತ್ನ ಕೈಗೂಡಲಿಲ್ಲ. 1936ರಲ್ಲಿ ಆತ ಎಡಿನ್‌ಬರೊ ಸೇರಿದ.

4. ಕಡಲಿನ ನೀಲಿ ಮತ್ತು ಕನ್ನಡದ ಪ್ರಶ್ನೆ

ರಾಮನ್ ಅವರ ಸಂಶೋಧನೆಯ ಮೂಲದಲ್ಲಿಯೂ ಹಡಗಿನ ಯಾವ ಪ್ರಯಾಣಿಕನಾದರೂ ಕೇಳಬಹುದಾದ ಪ್ರಶ್ನೆಯೇ ಇದೆ. 1921ರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಅವರು ಹಡಗಿನಲ್ಲಿ ಮರಳುತ್ತಿದ್ದಾಗ ಮೆಡಿಟರೇನಿಯನ್ ಕಡಲಿನ ಕಡುನೀಲಿಯ ಕಾರಣವನ್ನು ಚಿಂತಿಸಿದರು. ಆ ಬಣ್ಣ ಆಕಾಶದ ಪ್ರತಿಬಿಂಬ ಮಾತ್ರವೆಂಬುದು ಲಾರ್ಡ್ ರ‍್ಯಾಲೆಯ ಅಭಿಪ್ರಾಯ. ರಾಮನ್ ನಿಕಲ್ ಪಟ್ಟಕದ ಮೂಲಕ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ನಿವಾರಿಸಿ ನೋಡಿದರು, ನೀಲಿ ಅಳಿಯಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂಬ ಈ ತಿಳಿವಿನಿಂದ ಹೊರಟ ಸಂಶೋಧನೆ 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮವನ್ನು ತಲಪಿತು. 1968ರ ಡಿಸೆಂಬರ್ 22ರಂದು ಅಹಮದಾಬಾದಿನ ಸಮುದಾಯ ವಿಜ್ಞಾನ ಕೇಂದ್ರದಲ್ಲಿ ಅವರು ಮಾಡಿದ ಭಾಷಣದ ವಿಷಯ ಆಕಾಶ ಏಕೆ ನೀಲಿ ಎಂಬುದು. ಪಾರಿತೋಷಕ, ಪದವಿಗಳೆಲ್ಲ ಬಂದ ಮೇಲೂ ಮೊದಲಿನ ಪ್ರಶ್ನೆಯ ನೆರೆಯಲ್ಲಿಯೇ ಅವರು ಉಳಿದಿದ್ದರು.

ಕನ್ನಡದಲ್ಲಿ ಇಂಥ ಪ್ರಶ್ನೆಗಳಿಗೆ ವೇದಿಕೆ ಕಲ್ಪಿಸುವ ಯತ್ನ 1918ರಲ್ಲಿ ಆರಂಭವಾದ ‘ವಿಜ್ಞಾನ’ ಮಾಸಪತ್ರಿಕೆಯಷ್ಟು ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ನಡೆಸಿದ ಆ ಪತ್ರಿಕೆ ಎರಡು ವರ್ಷ ಬಾಳಿತು. ಭೌತವಿಜ್ಞಾನದ ಪ್ರಾಧ್ಯಾಪಕರಾದ ಆರ್.ಎಲ್. ನರಸಿಂಹಯ್ಯನವರ ‘ಜಗತ್ತುಗಳ ಹುಟ್ಟು ಸಾವು’, ಜೆ.ಆರ್. ಲಕ್ಷ್ಮಣರಾಯರ ‘ಪರಮಾಣು ಚರಿತ್ರೆ’, ಜಿ.ಟಿ. ನಾರಾಯಣರಾಯರ ‘ಐನ್‌ಸ್ಟೈನ್ ಬಾಳಿದರಿಲ್ಲಿ’ ಇವು ವಿಷಯಬಲ್ಲವರ ಕೃತಿಗಳು. ಶಿವರಾಮ ಕಾರಂತರ ಸ್ಥಾನ ಇವರೆಲ್ಲರಿಗಿಂತ ಭಿನ್ನ. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ ಕಾರಂತರು ವಿಜ್ಞಾನದ ಪದವೀಧರರಲ್ಲ; ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಸಾಮಾನ್ಯ ಜಿಜ್ಞಾಸುವೊಬ್ಬ ತಾನೇ ಓದಿ, ಕೇಳಿ, ಉತ್ತರ ಕಂಡುಕೊಂಡು ತನ್ನಂಥವರಿಗೆ ಬರೆದುಕೊಟ್ಟ ಗ್ರಂಥ. 1962ರಲ್ಲಿ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಮತ್ತು 1978ರಲ್ಲಿ ಹೊರಬಂದ ‘ಬಾಲವಿಜ್ಞಾನ’ ಮಾಸಪತ್ರಿಕೆ ಈ ಪರಂಪರೆಯನ್ನು ಮುಂದುವರಿಸಿದವು.

ಭಾಷೆಯಿಂದಲೇ ಉಂಟಾಗುವ ತೊಡಕನ್ನು ಇಲ್ಲಿ ಪ್ರತ್ಯೇಕವಾಗಿ ಗಮನಿಸಬೇಕು. ‘ಸಾಪೇಕ್ಷ’, ‘ಶಕ್ತಿ’, ‘ದ್ರವ್ಯ’ ಇವು ಭೌತವಿಜ್ಞಾನ ಬರುವ ಮೊದಲೇ ಶಾಸ್ತ್ರಗ್ರಂಥಗಳಲ್ಲೂ ನಿತ್ಯದ ಮಾತಿನಲ್ಲೂ ಅರ್ಥ ಪಡೆದಿದ್ದ ಪದಗಳು. ದ್ರವ್ಯವೂ ಶಕ್ತಿಯೂ ಒಂದೇ ಎಂಬ ವಾಕ್ಯವನ್ನು ಕೇಳಿದ ಕನ್ನಡಿಗನ ಮನಸ್ಸಿನಲ್ಲಿ ತಾರ್ಕಿಕರ ದ್ರವ್ಯವೂ ಶಾಕ್ತರ ಶಕ್ತಿಯೂ ಮೂಡುವುದು ಸಹಜ. ಸಾಪೇಕ್ಷತೆಯನ್ನು ಜೈನರ ಅನೇಕಾಂತವಾದದೊಡನೆ ಹೋಲಿಸಿದವರುಂಟು. ಎಲ್ಲವೂ ಸಾಪೇಕ್ಷವಾದ್ದರಿಂದ ಯಾವ ಸತ್ಯವೂ ಸ್ಥಿರವಲ್ಲವೆಂದು ತೀರ್ಮಾನಿಸಿದವರೂ ಉಂಟು. ಸಿದ್ಧಾಂತದ ನಿಜವಾದ ಹೇಳಿಕೆ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು: ಕಾಲ ಮತ್ತು ದೂರದ ಅಳತೆಗಳು ವೀಕ್ಷಕನಿಂದ ವೀಕ್ಷಕನಿಗೆ ಬದಲಾದರೂ ಪ್ರಕೃತಿಯ ನಿಯಮಗಳು ಬದಲಾಗುವುದಿಲ್ಲ. ಪದದ ಹಳೆಯ ಅರ್ಥ ಹೊಸ ಅರ್ಥವನ್ನು ನುಂಗಿದಾಗ ಪ್ರಶ್ನೆಯೂ ದಾರಿ ತಪ್ಪುತ್ತದೆ.

ವಸ್ತು ಶಾಶ್ವತವೆ ಎಂಬ ಪುರಾತನ ಪ್ರಶ್ನೆಯನ್ನು ಕರ್ನಾಟಕದ ನೆಲದಡಿಯಲ್ಲೇ ಪರೀಕ್ಷಿಸಿದುದು ಇನ್ನೊಂದು ಉಲ್ಲೇಖನೀಯ ಸಂಗತಿ. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಗುರುತಿಸಿದ್ದ ಕೋಲಾರದ ಚಿನ್ನದ ಗಣಿಯಲ್ಲಿ, 1980ರ ದಶಕದಲ್ಲಿ ಸುಮಾರು 2.3 ಕಿಲೊಮೀಟರ್ ಆಳದಲ್ಲಿ, 140 ಟನ್ನುಗಳ ಶೋಧಕವನ್ನಿಟ್ಟು ಪ್ರೋಟಾನ್ ತಾನಾಗಿ ಒಡೆಯುತ್ತದೆಯೆ ಎಂದು ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಹುಡುಕಿದರು. ಕೆಲವು ಘಟನೆಗಳು ಒಡೆದುದರ ಗುರುತುಗಳೆಂಬಂತೆ ತೋರಿದವು. ಬೇರೆಡೆಯ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಪ್ರಶ್ನೆ ಇಂದಿಗೂ ತೆರೆದೇ ಇದೆ.

5. ಚಂದ್ರನ ಪ್ರಶ್ನೆ

ಕ್ವಾಂಟಂ ಸಿದ್ಧಾಂತ ಎತ್ತಿದ ಪ್ರಶ್ನೆಗಳಲ್ಲಿ ಅತ್ಯಂತ ಸರಳವೂ ಅತ್ಯಂತ ಗಹನವೂ ಆದುದು ವಾಸ್ತವವನ್ನು ಕುರಿತದ್ದು. ಅಳೆಯುವ ಮೊದಲು ಕಣಕ್ಕೆ ಆ ಗುಣ ಇತ್ತೆ? 1935ರಲ್ಲಿ ಐನ್‌ಸ್ಟೈನ್, ಪೊಡೊಲ್‌ಸ್ಕಿ ಮತ್ತು ರೋಸನ್ ಇತ್ತೆಂದೇ ವಾದಿಸಿ, ಅದನ್ನು ಹೇಳಲಾರದ ಕ್ವಾಂಟಂ ಸಿದ್ಧಾಂತ ಅಪೂರ್ಣವೆಂದು ತೀರ್ಮಾನಿಸಿದರು. ಪ್ರಬಂಧ ವಿದ್ವತ್ಪತ್ರಿಕೆಯಲ್ಲಿ ಮೇ 15ರಂದು ಪ್ರಕಟವಾಗುವ ಮೊದಲೇ, ಮೇ 4ರಂದು, ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಅದರ ಸುದ್ದಿ ಬಂದಿತು. ಇಂಥ ವಿಷಯಗಳ ಚರ್ಚೆಗೆ ದಿನಪತ್ರಿಕೆ ತಕ್ಕ ವೇದಿಕೆಯಲ್ಲವೆಂದು ಐನ್‌ಸ್ಟೈನ್ ಅಸಮಾಧಾನ ಸೂಚಿಸಿದ. ಆದರೂ ಪ್ರಶ್ನೆಗೆ ಅತ್ಯಂತ ಜನಸುಲಭವಾದ ರೂಪ ದೊರೆತದ್ದು ಆತನ ಬಾಯಿಂದಲೇ. 1950ರ ಸುಮಾರಿಗೆ ಜೊತೆಯಲ್ಲಿ ನಡೆಯುತ್ತಿದ್ದ ಅಬ್ರಹಾಂ ಪಾಯಿಸ್‌ನನ್ನು, ನೋಡಿದಾಗ ಮಾತ್ರ ಚಂದ್ರ ಇರುತ್ತಾನೆಂದು ನಿಜವಾಗಿಯೂ ನಂಬುವೆಯಾ ಎಂದು ಆತ ಕೇಳಿದ.

ಬಹುಕಾಲ ಭೌತವಿಜ್ಞಾನಿಗಳು ಇದನ್ನು ತಮ್ಮ ಕೆಲಸಕ್ಕೆ ಸಂಬಂಧಿಸದ ಪ್ರಶ್ನೆಯೆಂದು ಬಿಟ್ಟಿದ್ದರು. ಲೆಕ್ಕ ಸರಿಬರುತ್ತಿರುವಾಗ ಅದರ ಅರ್ಥವನ್ನು ಕೆದಕುವುದು ವೃತ್ತಿಗೆ ಹಿತವಲ್ಲವೆಂಬ ಭಾವನೆ ಬಲವಾಗಿತ್ತು. ಜಿನೀವದ ಸರ್ನ್ ಸಂಸ್ಥೆಯಲ್ಲಿ ಕಣವಿಜ್ಞಾನ ಮತ್ತು ವೇಗೋತ್ಕರ್ಷಕಗಳ ಕೆಲಸದಲ್ಲಿದ್ದ ಜಾನ್ ಬೆಲ್ 1964ರಲ್ಲಿ ಬಿಡುವಿನ ಕಾಲದ ಚಿಂತನೆಯಿಂದ ಈ ಸ್ಥಿತಿಯನ್ನು ಬದಲಿಸಿದ.

ಬೆಲ್ಲನ ವಾದವನ್ನು ಅಂಕಗಣಿತದಲ್ಲೇ ತಿಳಿಯಬಹುದು. ಒಂದೇ ಮೂಲದಿಂದ ಹೊರಟ ಎರಡು ಕಣಗಳು ದೂರದೂರ ಹೋಗುತ್ತವೆ. ಎಡಗಡೆಯವನು ತನ್ನ ಕಣದ ಮೇಲೆ ಎರಡು ಬಗೆಯ ಅಳತೆಗಳಲ್ಲಿ ಒಂದನ್ನು ಮಾಡಬಹುದು, ಬಲಗಡೆಯವನೂ ಹಾಗೆಯೇ. ಪ್ರತಿಯೊಂದರ ಫಲ +1 ಅಥವಾ –1. ಈ ಫಲಗಳು ಮೊದಲೇ ನಿಶ್ಚಿತವಾಗಿದ್ದು, ಒಂದು ಕಡೆಯ ಆಯ್ಕೆ ಇನ್ನೊಂದು ಕಡೆಯ ಫಲವನ್ನು ಬದಲಿಸದು ಎಂದು ಭಾವಿಸೋಣ. ಆಗ ಬಲಗಡೆಯ ಎರಡು ಫಲಗಳು ಒಂದೇ ಆಗಿದ್ದರೆ ಅವುಗಳ ವ್ಯತ್ಯಾಸ ಸೊನ್ನೆ. ಭಿನ್ನವಾಗಿದ್ದರೆ ಮೊತ್ತ ಸೊನ್ನೆ. ಎಡಗಡೆಯ ಮೊದಲ ಫಲವನ್ನು ಆ ಮೊತ್ತದಿಂದಲೂ ಎರಡನೆಯ ಫಲವನ್ನು ಆ ವ್ಯತ್ಯಾಸದಿಂದಲೂ ಗುಣಿಸಿ ಕೂಡಿದರೆ ಬರುವುದು ಯಾವಾಗಲೂ +2 ಅಥವಾ –2. ಆದ್ದರಿಂದ ಎಷ್ಟೇ ಜೋಡಿಗಳನ್ನು ಅಳೆದರೂ ಸರಾಸರಿ 2ನ್ನು ಮೀರಲಾರದು. ಕ್ವಾಂಟಂ ಸಿದ್ಧಾಂತ ಕೊಡುವ ಗರಿಷ್ಠ ಬೆಲೆಯಾದರೋ ಸುಮಾರು 2.83. ಈ ಸರಳ ರೂಪ 1969ರಲ್ಲಿ ಕ್ಲೌಸರ್ ಮತ್ತು ಸಂಗಡಿಗರಿಂದ ಬಂದುದು. ಎರಡರಲ್ಲಿ ಯಾವುದು ಸರಿಯೆಂಬುದನ್ನು ಇನ್ನು ಪ್ರಕೃತಿಯೇ ಹೇಳಬಹುದಿತ್ತು.

1972ರಲ್ಲಿ ಬರ್ಕ್ಲಿಯಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್, 1982ರಲ್ಲಿ ಫ್ರಾನ್ಸಿನಲ್ಲಿ ಅಲೈನ್ ಆಸ್ಪೆ ಮತ್ತು ಸಂಗಡಿಗರು ಬೆಳಕಿನ ಕಣಗಳ ಮೇಲೆ ಪರೀಕ್ಷೆ ನಡೆಸಿದರು. ಫಲ ಕ್ವಾಂಟಂ ಸಿದ್ಧಾಂತದ ಪರವಾಗಿತ್ತು. ಉಳಿದಿದ್ದ ಮುಖ್ಯ ಲೋಪಗಳನ್ನು ಒಂದೇ ಪ್ರಯೋಗದಲ್ಲಿ ಮುಚ್ಚುವ ಪರೀಕ್ಷೆಗಳು 2015ರಲ್ಲಿ ಮೂರು ಕಡೆ ಯಶಸ್ವಿಯಾದವು. 2022ರ ನೊಬೆಲ್ ಪಾರಿತೋಷಕ ಆಸ್ಪೆ, ಕ್ಲೌಸರ್ ಮತ್ತು ಆಂಟನ್ ಝೈಲಿಂಗರ್ ಅವರಿಗೆ ಸಂದಿತು.

ಇದರ ನಡುವೆ, 2016ರ ನವೆಂಬರ್ 30ರಂದು, ಅಪೂರ್ವ ಪ್ರಯೋಗವೊಂದು ನಡೆಯಿತು. ಬೆಲ್ ಪರೀಕ್ಷೆಯಲ್ಲಿ ಯಾವ ಅಳತೆ ಮಾಡಬೇಕೆಂಬ ಆಯ್ಕೆ ಕಣಗಳಿಂದ ಸ್ವತಂತ್ರವಾಗಿರಬೇಕು. ಸಾಮಾನ್ಯವಾಗಿ ಯಂತ್ರಗಳು ಮಾಡುವ ಈ ಆಯ್ಕೆಯನ್ನು ಅಂದು ಲೋಕದ ನಾನಾ ಕಡೆಯ ಸುಮಾರು ಒಂದು ಲಕ್ಷ ಜನ ಮಾಡಿದರು. ಗಣಕದ ಆಟವೊಂದರಲ್ಲಿ ತಮಗೆ ತೋಚಿದಂತೆ ಸೊನ್ನೆ ಮತ್ತು ಒಂದುಗಳನ್ನು ಒತ್ತುತ್ತ ಹೋದ ಅವರಿಂದ ಬಂದ 9 ಕೋಟಿ 70 ಲಕ್ಷಕ್ಕೂ ಹೆಚ್ಚು ಅಂಕಿಗಳು ಐದು ಖಂಡಗಳ 12 ಪ್ರಯೋಗಾಲಯಗಳ ಉಪಕರಣಗಳನ್ನು ನಡೆಸಿದವು. 2018ರಲ್ಲಿ ಪ್ರಕಟವಾದ ಫಲಿತಾಂಶ ಹಿಂದಿನ ತೀರ್ಮಾನವನ್ನು ದೃಢಪಡಿಸಿತು. ಮಾನವನ ಆಯ್ಕೆ ಸ್ವತಂತ್ರವೆಂಬ ನಂಬಿಕೆಯ ಮೇಲೆ ಇದು ನಿಂತಿದೆಯೆಂಬುದು ನಿಜ; ಆ ನಂಬಿಕೆಯನ್ನು ಯಾವ ಪ್ರಯೋಗವೂ ಸಾಧಿಸಿಕೊಡಲಾರದು.

ಹಾಗಾದರೆ ಯಾರೂ ನೋಡದಾಗ ಚಂದ್ರನಿಲ್ಲವೆ? ಪ್ರಯೋಗಗಳು ಹಾಗೆ ಹೇಳಿಲ್ಲ. ಫಲಗಳು ಮೊದಲೇ ನಿಶ್ಚಿತ ಎಂಬ ಭಾವನೆ ಮತ್ತು ದೂರದ ಆಯ್ಕೆ ಇಲ್ಲಿಯ ಫಲವನ್ನು ಮುಟ್ಟದು ಎಂಬ ಭಾವನೆ ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲಾಗದು ಎಂದಷ್ಟೇ ಹೇಳಿವೆ. ಈ ನಂಟಿನಿಂದ ಬೆಳಕಿಗಿಂತ ವೇಗವಾಗಿ ಸುದ್ದಿ ಕಳುಹಿಸಲೂ ಬಾರದು. ಮನಸ್ಸು ಜಗತ್ತನ್ನು ಸೃಷ್ಟಿಸುತ್ತದೆ ಎಂಬ ವಾದಕ್ಕೆ ಈ ಪ್ರಯೋಗಗಳನ್ನು ಆಧಾರವಾಗಿ ತರುವುದು ಅವುಗಳ ಅಳತೆಯನ್ನು ಮೀರಿದ ಮಾತು.

ಉಪಸಂಹಾರ

ಮೇಲಿನ ಪ್ರಸಂಗಗಳಿಂದ ಮೂರು ಅಂಶಗಳು ಹೊರಡುತ್ತವೆ. ಮೊದಲನೆಯದಾಗಿ, ಮೂಲಭೂತ ಪರಿಕಲ್ಪನೆಗಳ ವಿಷಯದಲ್ಲಿ ಸಾಮಾನ್ಯನ ಪ್ರಶ್ನೆಗೂ ವಿಜ್ಞಾನಿಯ ಪ್ರಶ್ನೆಗೂ ಇರುವ ಭೇದ ವಿಷಯದ್ದಲ್ಲ, ಸಾಧನದ್ದು. ಬೆಳಕನ್ನು ಬೆನ್ನಟ್ಟುವ ಹುಡುಗನ ಕಲ್ಪನೆ ಗಣಿತವನ್ನು ಕೂಡಿದಾಗ ಸಿದ್ಧಾಂತವಾಯಿತು. ಚಂದ್ರನ ಪ್ರಶ್ನೆ ಅಸಮಾನತೆಯ ಸೂತ್ರವನ್ನು ಕೂಡಿದಾಗ ಪ್ರಯೋಗವಾಯಿತು. ಎರಡನೆಯದಾಗಿ, ಪ್ರಶ್ನೆಗೆ ಉತ್ತರ ಯಾವಾಗಲೂ ಕೇಳಿದ ರೂಪದಲ್ಲೇ ಬರುವುದಿಲ್ಲ. ಬೆಳಕಿನ ಮಾಧ್ಯಮ ಯಾವುದೆಂಬ ಪ್ರಶ್ನೆಗೆ ಮಾಧ್ಯಮದ ಹೆಸರು ದೊರೆಯಲಿಲ್ಲ, ಮಾಧ್ಯಮವೇ ಬೇಕಿಲ್ಲವೆಂಬ ತಿಳಿವು ದೊರೆಯಿತು. ಇದನ್ನು ಒಪ್ಪಿಕೊಳ್ಳುವ ಸಿದ್ಧತೆ ಕೇಳುವವನಲ್ಲಿಯೂ ಇರಬೇಕಾಗುತ್ತದೆ. ಮೂರನೆಯದಾಗಿ, ಪ್ರಶ್ನೆ ಕೇಳುವವನ ಭಾಷೆಯಲ್ಲಿ ಉತ್ತರ ಸಿಗದಿದ್ದರೆ ಆ ತೆರವನ್ನು ಹಳೆಯ ಪದಗಳ ಹಳೆಯ ಅರ್ಥಗಳು ತುಂಬುತ್ತವೆ. ಕನ್ನಡದ ವಿಜ್ಞಾನ ಲೇಖಕರು ಮಾಡಿದ ಕೆಲಸದ ಬೆಲೆಯನ್ನು ಅವರು ಹೊಸತಾಗಿ ತಿಳಿಸಿದ ಸಂಗತಿಗಳಿಂದ ಮಾತ್ರವಲ್ಲದೆ ಅವರು ತಡೆದ ತಪ್ಪು ತಿಳಿವಳಿಕೆಗಳಿಂದಲೂ ಅಳೆಯಬೇಕು.

1920ರಲ್ಲಿ ಫ್ರಾಂಕ್‌ಫರ್ಟಿನ ಸಭಾಂಗಣದಲ್ಲಿ ಕುಳಿತಿದ್ದವರ ಹೆಸರುಗಳು ಯಾವ ಪ್ರಬಂಧದಲ್ಲಿಯೂ ದಾಖಲಾಗಲಿಲ್ಲ. 2016ರ ಒಂದು ಲಕ್ಷ ಜನರ ಒತ್ತುಗುಂಡಿಯ ಆಯ್ಕೆಗಳು ಪ್ರಯೋಗದ ದತ್ತಾಂಶದಲ್ಲೇ ಸೇರಿಹೋದವು. ಸಾಮಾನ್ಯ ಜಿಜ್ಞಾಸುವನ್ನು ಚರಿತ್ರೆಯ ಕೊನೆಯ ಅಧ್ಯಾಯದಿಂದ ಅದರ ಒಡಲಿಗೆ ತರುವ ಸಂಶೋಧನೆ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ. ಕನ್ನಡದ ಹಳೆಯ ವಿಜ್ಞಾನ ಪತ್ರಿಕೆಗಳ ಓದುಗರ ಪತ್ರಗಳೂ ಪ್ರಶ್ನೋತ್ತರ ಅಂಕಣಗಳೂ ಅಂಥ ಸಂಶೋಧನೆಗೆ ಒಳ್ಳೆಯ ಆಕರಗಳಾಗಬಲ್ಲವು.